ಕಡಲಿಗೆ ಕಣ್ಣು ಬಂತು, ದೋಣಿಯವನಿಗೆ ಯಾವಾಗ?

ಚಿನಕುರಳಿಯವನಿಗೆ ಕಡಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಪಾಂಡವಪುರ ತಾಲ್ಲೂಕಿನ ಈ ಹೋಬಳಿಯಿಂದ ಅರಬ್ಬೀ ಸಮುದ್ರ ಕಾಣಬೇಕಾದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ನಡುವೆ ಘಟ್ಟ ಬೇರೆ. ನಮ್ಮ ಕಡೆ ನೀರೆಂದರೆ ಕನ್ನಂಬಾಡಿಯ ಹಿನ್ನೀರು, ವಿ.ಸಿ. ನಾಲೆ, ಊರ ಕೆರೆ. ಹಡಗೆಂದರೆ ಸಿನಿಮಾದಲ್ಲಿ ಕಂಡದ್ದು. ಡ್ರೋನ್ ಎಂದರೆ ಮೊದಲು ಮದುವೆ ಮನೆಯಲ್ಲಿ ತಲೆಯ ಮೇಲೆ ಗುಂಯ್‌ಗುಟ್ಟುವ ಕ್ಯಾಮೆರಾ, ಆಮೇಲೆ ಗದ್ದೆಗೆ ಔಷಧ ಹೊಡೆಯುವ ಯಂತ್ರ. ಮಂಡ್ಯ ಜಿಲ್ಲೆಯವರ ಮುಂದೆ ಡ್ರೋನ್ ಎಂಬ ಮಾತೆತ್ತಿದರಂತೂ 2020ರಲ್ಲಿ ಟಿವಿಯವರು ಎಬ್ಬಿಸಿದ ಗದ್ದಲ ನೆನಪಾಗಿ ಜನ ಮುಸಿಮುಸಿ ನಗುತ್ತಾರೆ.

ಆ ನಗು ಇಲ್ಲಿಗೆ ಸಾಕು. ನಾವು ನಗುತ್ತಾ ಕೂತಿದ್ದಾಗ ಆ ಯಂತ್ರ ಎಲ್ಲಿಗೆ ಹೋಗಿ ಮುಟ್ಟಿದೆ ನೋಡಿ.

2023ರ ಡಿಸೆಂಬರ್ 23. ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗು ಸೌದಿ ಅರೇಬಿಯಾದಿಂದ ಸರಕು ಹೊತ್ತು ಬರುತ್ತಿತ್ತು. ಎಲ್ಲಿಗೆ? ಮುಂಬಯಿಗಲ್ಲ, ಕೊಚ್ಚಿಗಲ್ಲ. ನಮ್ಮ ನವಮಂಗಳೂರು ಬಂದರಿಗೆ. ಭಾರತದ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ, ಗುಜರಾತಿನ ಪೋರಬಂದರಿನ ನೇರಕ್ಕೆ ಬಂದಾಗ, ಆಕಾಶದಿಂದ ಡ್ರೋನ್ ಬಂದು ಬಡಿಯಿತು. ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದವರು ಬಹುಪಾಲು ಭಾರತೀಯರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಕರಾವಳಿ ರಕ್ಷಣಾ ಪಡೆಯ ವಿಕ್ರಮ್ ನೌಕೆ ಜೊತೆಗಿದ್ದು ಹಡಗನ್ನು ಮುಂಬಯಿಗೆ ಕರೆದೊಯ್ದಿತು. ಅಮೆರಿಕದವರು ಇರಾನಿನ ಕಡೆ ಬೆರಳು ತೋರಿದರು, ಇರಾನಿನವರು ನಾವಲ್ಲ ಎಂದರು. ಅವರವರ ಜಗಳ ಏನೇ ಇರಲಿ, ಮಂಗಳೂರಿಗೆ ಬರುವ ಹಡಗನ್ನು ಮನುಷ್ಯನಿಲ್ಲದ ವಿಮಾನವೊಂದು ನಡುಗಡಲಲ್ಲಿ ಹುಡುಕಿಕೊಂಡು ಹೋಗಿ ಹೊಡೆಯಿತು. ಬೆಂಗಳೂರಿನಲ್ಲಿ ಇದರ ಬಗ್ಗೆ ಎರಡು ದಿನ ಮಾತು, ಮೂರನೆಯ ದಿನ ಹೊಸ ವರ್ಷದ ಪಾರ್ಟಿ!

ಇದು ಯುದ್ಧದ ಮಾತಾಯಿತು. ವ್ಯಾಪಾರದ ಮಾತು ಕೇಳಿ. ಹಡಗಿನ ಹೊಟ್ಟೆಯೊಳಗಿನ ಟ್ಯಾಂಕುಗಳು ಎಂದರೆ ನಾಲ್ಕೈದು ಅಂತಸ್ತಿನ ಮನೆಯಷ್ಟು ಎತ್ತರದ ಕಬ್ಬಿಣದ ಕತ್ತಲಕೋಣೆಗಳು. ಅವುಗಳ ಬೆಸುಗೆ ಬಿಟ್ಟಿದೆಯೇ, ತುಕ್ಕು ತಿಂದಿದೆಯೇ ಎಂದು ನೋಡಲು ಒಳಗೆ ಸಾರುವೆ ಕಟ್ಟಿ ಮನುಷ್ಯರನ್ನು ಇಳಿಸುತ್ತಿದ್ದರು. ಗಾಳಿಯಿಲ್ಲದೆ ಉಸಿರುಗಟ್ಟಿ ಸತ್ತವರಿದ್ದಾರೆ, ಜಾರಿ ಬಿದ್ದು ಸತ್ತವರಿದ್ದಾರೆ. ಈಗ ತಂತಿಯ ಪಂಜರದೊಳಗೆ ಕೂರಿಸಿದ ಡ್ರೋನ್ ಒಳಗೆ ಹೋಗುತ್ತದೆ. ಗೋಡೆಗೆ ತಗುಲಿದರೂ ಬೀಳುವುದಿಲ್ಲ, ದೀಪ ಹಾಕಿಕೊಂಡು ಚಿತ್ರ ತೆಗೆಯುತ್ತದೆ. ಹಡಗುಗಳಿಗೆ ಯೋಗ್ಯತಾ ಪತ್ರ ಕೊಡುವ ದೊಡ್ಡ ಸಂಸ್ಥೆಗಳೇ ಇಂಥ ತಪಾಸಣೆಯನ್ನು ಒಪ್ಪಿಕೊಂಡಿವೆ. 2019ರಲ್ಲಿ ಸಿಂಗಪುರದಲ್ಲಿ ವಿಲ್ಹೆಲ್ಮ್‌ಸೆನ್ ಮತ್ತು ಏರ್‌ಬಸ್ ಕಂಪನಿಗಳು ದಡದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಲಂಗರು ಹಾಕಿದ್ದ ಹಡಗಿಗೆ ಒಂದೂವರೆ ಕಿಲೋ ಸಾಮಾನನ್ನು ಡ್ರೋನಿನಲ್ಲೇ ಕಳಿಸಿಕೊಟ್ಟವು. ಅದೇ ವರ್ಷ ಡೆನ್ಮಾರ್ಕಿನವರು ತಮ್ಮ ಜಲಸಂಧಿಯಲ್ಲಿ ಹಾದುಹೋಗುವ ಹಡಗುಗಳ ಹೊಗೆಯನ್ನು ಮೂಸಿ ನೋಡಲು ಡ್ರೋನ್ ಬಿಟ್ಟರು. ಯಾವ ಹಡಗು ಗಂಧಕ ತುಂಬಿದ ಕಳಪೆ ಎಣ್ಣೆ ಸುಡುತ್ತಿದೆ ಎಂಬುದು ಹೊಗೆಯ ವಾಸನೆಯಲ್ಲೇ ಸಿಕ್ಕಿಬೀಳುತ್ತದೆ!

ಈ ಸುದ್ದಿಗಳನ್ನು ಓದಿ ಬಾಯಿ ಬಿಟ್ಟುಕೊಂಡು ಕೂರಬೇಡಿ. ಇದರಲ್ಲಿ ನಮ್ಮದೇನು ಎಂದು ಕೇಳಿಕೊಳ್ಳಿ. ನಮ್ಮದು ಬಹಳ ಇದೆ, ಬಹಳವೇ ಇದೆ.

2023ರ ಜೂನ್ 16ರ ಬೆಳಿಗ್ಗೆ 7 ಗಂಟೆ 35 ನಿಮಿಷ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯವರ ವಿಮಾನ ಪರೀಕ್ಷಾ ಕೇಂದ್ರವಿದೆಯಲ್ಲ, ಅಲ್ಲಿಂದ ತಪಸ್ ಎಂಬ ಡ್ರೋನ್ ಮೇಲೆದ್ದಿತು. ಅದನ್ನು ಮಾಡಿದ್ದು ಬೆಂಗಳೂರಿನ ಎ.ಡಿ.ಇ., ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆ. ಕಾರವಾರ ಅಲ್ಲಿಂದ 285 ಕಿಲೋಮೀಟರ್. ಕಾರವಾರದಿಂದ 148 ಕಿಲೋಮೀಟರ್ ಆಚೆ ಕಡಲಲ್ಲಿ ಐ.ಎನ್.ಎಸ್. ಸುಭದ್ರಾ ನಿಂತಿತ್ತು. 20 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದ್ದ ಆ ವಿಮಾನದ ಲಗಾಮನ್ನು ಚಳ್ಳಕೆರೆಯ ಬಯಲಲ್ಲಿ ಕೂತವರು ಹಡಗಿನಲ್ಲಿದ್ದವರ ಕೈಗೆ ದಾಟಿಸಿದರು. 40 ನಿಮಿಷ ಹಡಗಿನವರೇ ಅದನ್ನು ಹಾರಿಸಿದರು. ಮೂರೂವರೆ ಗಂಟೆ ಹಾರಾಡಿ ವಿಮಾನ ಸುಖವಾಗಿ ಇಳಿಯಿತು.

ಯೋಚಿಸಿ. ಬೆಂಗಳೂರಿನ ಮೇಜಿನ ಮೇಲೆ ಹುಟ್ಟಿದ್ದು, ಚಳ್ಳಕೆರೆಯ ಬಯಲಿನಿಂದ ಎದ್ದದ್ದು, ಕಾರವಾರದ ಕಡಲ ಮೇಲೆ ಕೆಲಸ ಮಾಡಿದ್ದು. ಈ ಕಥೆಯಲ್ಲಿ ಕರ್ನಾಟಕದ ಗಡಿ ದಾಟಿ ಹೊರಗೆ ಹೋದದ್ದು ಸಮುದ್ರದೊಳಕ್ಕೆ ಮಾತ್ರ! ಆದರೆ ಈ ಸುದ್ದಿ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಕ್ರಿಕೆಟ್ ತಂಡದ ಹನ್ನೊಂದು ಹೆಸರು ಬಾಯಿಪಾಠ ಇರುವವರನ್ನೇ ಕೇಳುತ್ತಿದ್ದೇನೆ.

ಮುಂದಿನದು ಅಷ್ಟು ಸಂತೋಷದ ಕಥೆಯಲ್ಲ. ಸೇನೆ ಕೇಳಿದಷ್ಟು ಎತ್ತರ, ಕೇಳಿದಷ್ಟು ಹೊತ್ತು ತಪಸ್ ಹಾರಲಿಲ್ಲ ಎಂಬ ಕಾರಣಕ್ಕೆ ಅದನ್ನು ತುರ್ತು ಯೋಜನೆಗಳ ಪಟ್ಟಿಯಿಂದ ಕೈಬಿಟ್ಟ ಸುದ್ದಿ 2024ರ ಆರಂಭದಲ್ಲಿ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ದಿಲ್ಲಿಯವರು ಅಮೆರಿಕದ ಜನರಲ್ ಅಟಾಮಿಕ್ಸ್ ಕಂಪನಿಯ ಜೊತೆ 31 ಡ್ರೋನುಗಳ ಒಪ್ಪಂದಕ್ಕೆ ಸಹಿ ಹಾಕಿದರು. ಬೆಲೆ ಸುಮಾರು 32 ಸಾವಿರ ಕೋಟಿ ರೂಪಾಯಿ. 31ರಲ್ಲಿ 15 ನೌಕಾಪಡೆಗೆ. ದೇಶದ ಕಾವಲಿಗೆ ಒಳ್ಳೆಯ ಯಂತ್ರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಅಮೆರಿಕದ ಯಂತ್ರವೇನು ಅಮೃತ ಕುಡಿದು ಬಂದದ್ದಲ್ಲ. ನೌಕಾಪಡೆ 2020ರಲ್ಲಿ ಬಾಡಿಗೆಗೆ ತಂದಿದ್ದ ಎರಡರಲ್ಲಿ ಒಂದು 2024ರ ಸೆಪ್ಟೆಂಬರಿನಲ್ಲಿ ಚೆನ್ನೈ ಕಡೆಯ ಕಡಲಿಗೆ ಬಿತ್ತು. ಯಂತ್ರ ಎಂದ ಮೇಲೆ ಬೀಳುತ್ತದೆ. ನಮ್ಮದು ಬಿದ್ದಾಗ ಮಾತ್ರ ನಾವು ಚಪ್ಪಾಳೆ ತಟ್ಟಿ ನಗುತ್ತೇವೆ.

ಇಷ್ಟೂ ಪೀಠಿಕೆ. ಈಗ ವಿಷಯಕ್ಕೆ ಬರುತ್ತೇನೆ.

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಸುವರ್ಣ ತ್ರಿಭುಜ ಎಂಬ ಮೀನುಗಾರಿಕಾ ದೋಣಿ ಹೊರಟಿತು. ದೋಣಿಯಲ್ಲಿ ಏಳು ಜನ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 15ರ ರಾತ್ರಿಯವರೆಗೆ ಸಂಪರ್ಕ ಇತ್ತು. ಆಮೇಲೆ ಇಲ್ಲ. ಫೋನಿಲ್ಲ, ವೈರ್‌ಲೆಸ್ ಇಲ್ಲ, ಏನೂ ಇಲ್ಲ. ನೌಕಾಪಡೆ ಹುಡುಕಿತು, ಕರಾವಳಿ ರಕ್ಷಣಾ ಪಡೆ ಹುಡುಕಿತು, ಮೀನುಗಾರರು ತಾವೇ ದೋಣಿ ಕಟ್ಟಿಕೊಂಡು ಹೋಗಿ ಹುಡುಕಿದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು ಕೂತರು. ಕೊನೆಗೆ 2019ರ ಮೇ ತಿಂಗಳ ಮೊದಲ ವಾರದಲ್ಲಿ ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ, ದೋಣಿಯ ಅವಶೇಷ ಇದೆಯೆಂದು ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಹಡಗು ಪತ್ತೆ ಮಾಡಿತು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ನಾಲ್ಕೂವರೆ ತಿಂಗಳು, ಏಳು ಮನೆಗಳಲ್ಲಿ ಹೆಂಗಸರು ಬಾಗಿಲ ಕಡೆ ನೋಡುತ್ತಾ ಕೂತಿದ್ದರು. ತಾಳಿ ತೆಗೆಯಬೇಕೋ ಬೇಡವೋ ಗೊತ್ತಿಲ್ಲದ ನಾಲ್ಕೂವರೆ ತಿಂಗಳು ಹೇಗಿರುತ್ತದೆ ಎಂದು ನಾನು ಬರೆಯಲಾರೆ.

ದೋಣಿ ಹೇಗೆ ಮುಳುಗಿತು ಎಂಬ ಬಗ್ಗೆ ಕರಾವಳಿಯಲ್ಲಿ ನಾನಾ ಮಾತುಗಳಿವೆ. ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ನನ್ನ ಪ್ರಶ್ನೆ ಬೇರೆ. ಹಡಗಿನ ಹೊಗೆಯನ್ನು ಮೂಸುವುದಕ್ಕೆ ಡ್ರೋನ್ ಇದೆ, ಟ್ಯಾಂಕಿನ ತುಕ್ಕು ನೋಡುವುದಕ್ಕೆ ಡ್ರೋನ್ ಇದೆ, ಲಂಗರು ಹಾಕಿದ ಹಡಗಿಗೆ ಪೊಟ್ಟಣ ಮುಟ್ಟಿಸುವುದಕ್ಕೆ ಡ್ರೋನ್ ಇದೆ. ಕಾಣೆಯಾದ ದೋಣಿಯನ್ನು ಹುಡುಕುವುದಕ್ಕೆಂದೇ ಮಲ್ಪೆಯ ದಕ್ಕೆಯಲ್ಲಿ ಹಗಲಿರುಳು ಸಿದ್ಧವಾಗಿ ನಿಂತ ಡ್ರೋನ್ ಬೇಡವೇ?

ಡ್ರೋನ್ ಇದ್ದಿದ್ದರೆ ಆ ಏಳು ಜನ ಬದುಕುತ್ತಿದ್ದರೇ? ಹಾಗೆಂದು ಹೇಳಿದರೆ ಸುಳ್ಳುಗಾರನಾಗುತ್ತೇನೆ. ಮದುವೆ ಮನೆಯ ನಾಲ್ಕು ರೆಕ್ಕೆಯ ಡ್ರೋನ್ ಅರ್ಧ ಗಂಟೆ ಹಾರಿದರೆ ಹೆಚ್ಚು. ಕಡಲ ಗಾಳಿಗೆ ಬ್ಯಾಟರಿ ಇನ್ನೂ ಬೇಗ ಮುಗಿಯುತ್ತದೆ. ಉಪ್ಪುಗಾಳಿ ಮೋಟಾರನ್ನು ತಿನ್ನುತ್ತದೆ. ಹಡಗಿನ ಕಬ್ಬಿಣದಿಂದ ಅದರ ದಿಕ್ಸೂಚಿ ತಲೆ ಕೆಡಿಸಿಕೊಳ್ಳುತ್ತದೆ. ದೋಣಿಯ ಮೇಲೆ ಇಳಿಸಬೇಕೆಂದರೆ ದೋಣಿ ನಿಂತಲ್ಲಿ ನಿಲ್ಲುವುದಿಲ್ಲ, ಏಳುತ್ತದೆ, ಬೀಳುತ್ತದೆ. ಅದಕ್ಕೇ ಕಡಲಿಗೆ ಬೇಕಾದದ್ದು ಬೇರೆ ಜಾತಿ. ವಿಮಾನದ ಹಾಗೆ ಚಾಚಿದ ರೆಕ್ಕೆಯಿದ್ದು, ಎಂಜಿನ್ ಇದ್ದು, ಗಂಟೆಗಟ್ಟಲೆ ಹಾರಬಲ್ಲದ್ದು. ರಾತ್ರಿಯಲ್ಲಿ ಮೈ ಬಿಸಿಯನ್ನು ಗುರುತಿಸುವ ಕ್ಯಾಮೆರಾ ಇದ್ದದ್ದು. ನೀರೊಳಗೆ ಹೋಗಬೇಕಾದರೆ ಇನ್ನೊಂದು ಜಾತಿ. ಉಪ್ಪುನೀರಲ್ಲಿ ರೇಡಿಯೊ ಅಲೆ ಸಾಗುವುದಿಲ್ಲ, ಹಾಗಾಗಿ ಅದನ್ನು ಕೇಬಲ್ ಕಟ್ಟಿ ಇಳಿಸಬೇಕು, ಕಣ್ಣಿಗಿಂತ ಹೆಚ್ಚಾಗಿ ಶಬ್ದವನ್ನೇ ನಂಬಿ ಹುಡುಕಬೇಕು.

ಶಿರೂರು ನಿಮಗೆ ನೆನಪಿರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ನದಿಗೆ ತಳ್ಳಿತು. ಕೇರಳದ ಲಾರಿಯೊಂದು ಅದರ ಚಾಲಕನ ಸಮೇತ ಮಣ್ಣು ನೀರಿನಲ್ಲಿ ಮರೆಯಾಯಿತು. ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡ ಬಂದು, ಹೂತ ಲೋಹವನ್ನು ಗುರುತಿಸುವ ಉಪಕರಣವನ್ನು ಡ್ರೋನಿಗೆ ಕಟ್ಟಿ ನದಿಯ ಮೇಲೆ ಹಾರಿಸಿತು. ನದಿಯೊಳಗೆ ಲೋಹ ಇಲ್ಲಿರಬಹುದು, ಅಲ್ಲಿರಬಹುದು ಎಂದು ಜಾಗ ಗುರುತಾಯಿತು. ಆದರೆ ಮಳೆಗಾಲದ ಸೆಳೆತಕ್ಕೆ ಮುಳುಗುಗಾರರು ತಳ ಮುಟ್ಟಲಾಗಲಿಲ್ಲ. ಗೋವಾದಿಂದ ಹೂಳೆತ್ತುವ ಯಂತ್ರ ಬಂದು, ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆ ಬಂತು. ಎಪ್ಪತ್ತು ದಿನ ದಾಟಿತ್ತು. ಡ್ರೋನ್ ಕಣ್ಣು ಕೊಡುತ್ತದೆ, ಕೈ ಕೊಡುವುದಿಲ್ಲ. ಇದನ್ನು ಚೆನ್ನಾಗಿ ತಿಳಿದುಕೊಂಡೇ ನಾವು ಕೇಳಬೇಕು.

ಆದರೂ ಏಕೆ ಕೇಳಬೇಕು ಎಂದರೆ, ಮೊದಲ ಒಂದೆರಡು ಗಂಟೆಗಾಗಿ. ನೀರಿಗೆ ಬಿದ್ದವನು ಹಲಗೆಯನ್ನೋ ಕ್ಯಾನನ್ನೋ ಹಿಡಿದುಕೊಂಡು ತೇಲುತ್ತಿರುವ ಗಂಟೆಗಳವು. ಆ ಹೊತ್ತಿನಲ್ಲಿ ದೊಡ್ಡ ಹಡಗು ಲಂಗರು ಎತ್ತಿ, ಅನುಮತಿ ಪಡೆದು, ಅಲ್ಲಿಗೆ ಮುಟ್ಟುವುದರೊಳಗೆ ಕತ್ತಲಾಗಿರುತ್ತದೆ. ಇಸ್ರೊದವರು ಮೀನುಗಾರರಿಗೆಂದೇ ಆಪತ್ತಿನ ಸಂದೇಶ ಕಳಿಸುವ ಉಪಕರಣ ಮಾಡಿದ್ದಾರೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ದೋಣಿ ಇರುವ ಜಾಗ ದಡಕ್ಕೆ ತಿಳಿಯುತ್ತದೆ. ಅದರ ಎರಡನೇ ಪೀಳಿಗೆಯ ಉಪಕರಣ 2024ರ ಜನವರಿಯಲ್ಲಿ ಬಂತು. ಅದರಲ್ಲಿ ‘ನಿನ್ನ ಸಂದೇಶ ಮುಟ್ಟಿದೆ’ ಎಂಬ ಉತ್ತರ ವಾಪಸ್ ಬರುತ್ತದೆ, ಮೊಬೈಲಿಗೆ ಜೋಡಿಸಿದರೆ ಸಂದೇಶವನ್ನು ಅವನ ಭಾಷೆಯಲ್ಲೇ ಓದಬಹುದು. ನೋಡಿ, ಮನಸ್ಸಿದ್ದರೆ ಉಪಗ್ರಹವೂ ಕನ್ನಡ ಮಾತಾಡುತ್ತದೆ! ಕೂಗಿದ ಜಾಗ ತಿಳಿದ ಮೇಲೆ ಅಲ್ಲಿಗೆ ಮೊದಲು ಹಾರಿ ಹೋಗಿ, ತೇಲುವವನಿಗೆ ಒಂದು ಟ್ಯೂಬ್ ಎಸೆದು, ಮೇಲೆ ಸುತ್ತುತ್ತಾ ಸುತ್ತಲಿನ ದೋಣಿಗಳಿಗೆ ದಾರಿ ತೋರಿಸುವುದು. ಇಷ್ಟೇ ಕೆಲಸ. ಇಷ್ಟಕ್ಕೆ 32 ಸಾವಿರ ಕೋಟಿ ಬೇಡ.

ನಮ್ಮ ತಾಲ್ಲೂಕಿನ ಮಾತನ್ನೂ ಹೇಳಿಬಿಡುತ್ತೇನೆ. ಸುವರ್ಣ ತ್ರಿಭುಜ ಕಾಣೆಯಾಗುವ ಮೂರು ವಾರ ಮುಂಚೆ, 2018ರ ನವೆಂಬರ್ 24ರಂದು, ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅಂಬರೀಶ್ ತೀರಿಕೊಂಡದ್ದೂ ಅದೇ ದಿನ ರಾತ್ರಿ. ಮಂಡ್ಯ ಜಿಲ್ಲೆ ಒಂದೇ ದಿನ ಎರಡು ಸಲ ಅತ್ತಿತು. ಐದು ವರ್ಷದ ಮೇಲೆ, 2023ರ ನವೆಂಬರಿನಲ್ಲಿ, ಇದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ಅದೇ ನಾಲೆಗೆ ಬಿದ್ದು ಐವರು ಹೋದರು. ನೀರೊಳಗೆ ಕಣ್ಣು ಬೇಕು ಎಂಬ ಮಾತು ಕಡಲಿನವರಿಗೆ ಮಾತ್ರ ಸೇರಿದ್ದಲ್ಲ ಎನ್ನುವುದಕ್ಕೆ ಹೇಳಿದೆ. ಹಾಗೆಯೇ ಇನ್ನೊಂದನ್ನೂ ಹೇಳಬೇಕು. ನಾಲೆಗೆ ಮೊದಲು ಬೇಕಾದದ್ದು ತಡೆಗೋಡೆ, ಡ್ರೋನ್ ಅಲ್ಲ. ಗೋಡೆ ಕಟ್ಟದೆ ಡ್ರೋನ್ ತಂದು ಟಿವಿಯವರ ಮುಂದೆ ಹಾರಿಸುವ ಮಂತ್ರಿಗಳು ಬಂದರೆ ಅವರನ್ನು ನಾಲೆಯ ದಂಡೆಯ ಮೇಲೆ ನಡೆಸಿಕೊಂಡು ಹೋಗಿ. ಕಡಲಿಗೆ ಗೋಡೆ ಕಟ್ಟಲು ಬರುವುದಿಲ್ಲ, ಅದಕ್ಕೇ ಅಲ್ಲಿ ಕಣ್ಣು ಬೇಕು.

ಹಾರಿಸುವವರು ಯಾರು? ಈ ಪ್ರಶ್ನೆ ನೇರವಾಗಿ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

2018ರಲ್ಲಿ ನಾಗರಿಕ ವಿಮಾನಯಾನದ ದೊರೆಗಳು ಡ್ರೋನಿಗೆಂದು ಮಾಡಿದ ಕಟ್ಟಳೆಯಲ್ಲಿ ಒಂದು ಸಾಲಿತ್ತು. ಡ್ರೋನ್ ಹಾರಿಸುವವನು ಹತ್ತನೆಯ ತರಗತಿಯನ್ನು ಇಂಗ್ಲಿಷಿನಲ್ಲಿ ಪಾಸು ಮಾಡಿರಬೇಕು! ಮಲ್ಪೆಯಲ್ಲಿ ಹುಟ್ಟಿ, ಗಾಳಿಯ ವಾಸನೆಯಲ್ಲೇ ಮಳೆಯ ದಿಕ್ಕು ಹೇಳುವ ಹುಡುಗ ಬೇಡ, ಇಂಗ್ಲಿಷ್ ಬೇಕು. 2021ರ ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮಗಳು ಬಂದವು. ಆ ಸಾಲು ಹೋಯಿತು. ಈಗ 18 ವರ್ಷ ತುಂಬಿ, 65 ದಾಟದೆ, ಯಾವುದೇ ಮಾನ್ಯ ಮಂಡಳಿಯ ಹತ್ತನೆಯ ತರಗತಿ ಪಾಸಾಗಿ, ಅಧಿಕೃತ ಶಾಲೆಯಲ್ಲಿ ತರಬೇತಿ ಪಡೆದರೆ ಸಾಕು. ನಮ್ಮ ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮದ್ದೇ ಆದರೂ, ನಡೆಯುತ್ತದೆ. ಅರ್ಜಿಗೆ ಪಾಸ್‌ಪೋರ್ಟ್ ಕೇಳುತ್ತಿದ್ದರು. 2023ರ ಸೆಪ್ಟೆಂಬರಿನ ತಿದ್ದುಪಡಿಯಲ್ಲಿ ಅದನ್ನೂ ಬಿಟ್ಟರು, ಮತದಾರರ ಚೀಟಿಯೋ ರೇಷನ್ ಕಾರ್ಡೋ ಇದ್ದರೂ ಆಗುತ್ತದೆ.

ಕಾನೂನಿನ ಬಾಗಿಲು ತೆರೆದಿದೆ ಎಂದಾಯಿತು. ಆದರೆ ಬಾಗಿಲ ಒಳಗಿರುವ ಮೇಷ್ಟ್ರು ಯಾವ ಭಾಷೆಯಲ್ಲಿ ಪಾಠ ಹೇಳುತ್ತಾನೆ? ಪುಸ್ತಕ ಯಾವ ಭಾಷೆಯಲ್ಲಿದೆ? ಪರದೆಯ ಮೇಲೆ ‘ಬ್ಯಾಟರಿ ಮುಗಿಯುತ್ತಿದೆ, ವಾಪಸ್ ತಿರುಗಿಸು’ ಎಂಬ ಎಚ್ಚರಿಕೆ ಯಾವ ಭಾಷೆಯಲ್ಲಿ ಬರುತ್ತದೆ? ಇದನ್ನು ನಾನು ಭಾಷಾಭಿಮಾನದ ಮಾತಾಗಿ ಹೇಳುತ್ತಿಲ್ಲ. ಕಡಲ ಮೇಲೆ ಆ ಎಚ್ಚರಿಕೆಯನ್ನು ಓದಿ ಅರ್ಥ ಮಾಡಿಕೊಳ್ಳಲು ಹತ್ತು ಸೆಕೆಂಡ್ ತಡವಾದರೆ ಯಂತ್ರ ನೀರುಪಾಲು, ಯಂತ್ರ ನಂಬಿದವನೂ ನೀರುಪಾಲು. ಕರಾವಳಿಯಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಇರಬಹುದು, ಅವರೆಲ್ಲ ಒಟ್ಟಿಗೆ ಕೂತು ಓದಿದ ಶಾಲೆಯ ಭಾಷೆ ಕನ್ನಡ. ಇಸ್ರೊದವರಿಗೆ ಆದದ್ದು ಡ್ರೋನ್ ಕಂಪನಿಯವರಿಗೆ ಆಗುವುದಿಲ್ಲವೇ?

ಆಗುತ್ತದೆ, ಏಕೆಂದರೆ ಆ ಕಂಪನಿಗಳು ಇರುವುದು ನಿಮ್ಮ ಊರಿನಲ್ಲೇ. ಆಸ್ಟೀರಿಯಾ, ನ್ಯೂಸ್ಪೇಸ್ ಎಂಬ ಹೆಸರು ಕೇಳಿದ್ದೀರಾ? ಎರಡೂ ಬೆಂಗಳೂರಿನವು. 2022ರ ಫೆಬ್ರವರಿಯಲ್ಲಿ ಹೊರದೇಶದ ಸಿದ್ಧ ಡ್ರೋನುಗಳ ಆಮದನ್ನು, ಸೇನೆ, ಭದ್ರತೆ, ಸಂಶೋಧನೆಯ ಕೆಲಸ ಬಿಟ್ಟು, ನಿಲ್ಲಿಸಿದ ಮೇಲೆ ಇಲ್ಲಿಯ ತಯಾರಕರಿಗೆ ಅಂಗಡಿ ತೆರೆದಂತಾಗಿದೆ. ನಿಮ್ಮಲ್ಲಿ ಎಷ್ಟೋ ಜನ ಇಂಥ ಕಡೆ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ. ತಿಂಡಿ ತಟ್ಟೆ ತಲುಪಿಸುವ ಡ್ರೋನಿಗೆ ನಕ್ಷೆ ಬರೆಯುವ ಬುದ್ಧಿಗೆ, ತೇಲುವ ಮನುಷ್ಯನನ್ನು ಹುಡುಕುವ ಡ್ರೋನಿಗೆ ಬರೆಯಲಾಗದೇ? ಒಂದು ಭಾನುವಾರ ಮಲ್ಪೆಗೆ ಹೋಗಿ. ಬೀಚಿಗಲ್ಲ, ದಕ್ಕೆಗೆ. ತಾಂಡೇಲನ ಜೊತೆ ಒಂದು ಲೋಟ ಚಹಾ ಕುಡಿಯಿರಿ. ಅವನಿಗೆ ಬೇಕಾದದ್ದು ಏನೆಂದು ಅವನೇ ಹೇಳುತ್ತಾನೆ.

ಅವನು ಭಯವನ್ನೂ ಹೇಳುತ್ತಾನೆ, ಅದನ್ನೂ ಕೇಳಿಸಿಕೊಳ್ಳಿ. ಮೀನಿನ ಹಿಂಡು ಹುಡುಕಲು ಡ್ರೋನ್ ಬಂದರೆ ಅದು ಮೊದಲು ಸೇರುವುದು ದುಡ್ಡಿದ್ದವನ ಕೈ. ನಾಡದೋಣಿಯವನ ಪಾಲಿಗೆ ಖಾಲಿ ಬಲೆ. ಕಡಲಿಗೆ ವಿದ್ಯುತ್ ದೀಪ ಬಿಟ್ಟು ಮೀನು ಬಾಚುವುದನ್ನು 2017ರ ನವೆಂಬರಿನಲ್ಲೇ ಕೇಂದ್ರ ನಿಷೇಧಿಸಿದೆ. ಆದರೂ ಬೆಳಕು ಮೀನುಗಾರಿಕೆಯ ಜಗಳ ನಮ್ಮ ಕರಾವಳಿಯಲ್ಲಿ ಮುಗಿಯಲಿಲ್ಲ. ದೀಪದ ಜೊತೆ ಡ್ರೋನೂ ಸೇರಿದರೆ ಕಡಲಲ್ಲಿ ಮರಿಯೂ ಉಳಿಯಲಿಕ್ಕಿಲ್ಲ. ಅದೇ ಡ್ರೋನ್ ಕಾವಲಿನವರ ಕೈಯಲ್ಲಿದ್ದರೆ ಕತ್ತಲಲ್ಲಿ ದೀಪ ಹಚ್ಚಿದವನನ್ನು ಹತ್ತು ಮೈಲಿಯಾಚೆಯಿಂದ ತೋರಿಸುತ್ತದೆ. ಯಂತ್ರ ಒಂದೇ, ಕೈ ಬೇರೆ. ಸಿಂಗಪುರದ ಆ ಪೊಟ್ಟಣದ ಕಥೆಯಲ್ಲೂ ನೋಡಿ, ಅಷ್ಟು ದಿನ ಹಡಗಿಗೆ ಸಾಮಾನು ಒಯ್ಯುತ್ತಿದ್ದ ಸಣ್ಣ ದೋಣಿಯವನ ಗತಿ ಏನಾಯಿತೆಂದು ಯಾವ ಕಂಪನಿಯೂ ಬರೆಯಲಿಲ್ಲ.

ಕಾರವಾರದವರ ಮಾತು ಇನ್ನೂ ಖಾರ. ಸೀಬರ್ಡ್ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲ ದಂಡೆ ಬಿಟ್ಟುಕೊಟ್ಟವು. 2005ರಲ್ಲಿ ಅಲ್ಲಿ ಶುರುವಾದ ನೆಲೆಗೆ ಐ.ಎನ್.ಎಸ್. ಕದಂಬ ಎಂದು ಹೆಸರಿಟ್ಟರು. ಹೆಸರು ನಮ್ಮದು, ಸಂತೋಷ. ನೆಲೆಯ ಸುತ್ತಮುತ್ತ ಊರವರು ಡ್ರೋನ್ ಹಾರಿಸಿದರೆ ಪೊಲೀಸರು ಬರುತ್ತಾರೆ, ಅದೂ ಸರಿ, ದೇಶದ ಭದ್ರತೆ. ಆದರೆ ನೆಲ ಕೊಟ್ಟವರ ದೋಣಿ ಮಗುಚಿದಾಗ ನೆಲೆಯ ಡ್ರೋನ್ ಎಷ್ಟು ನಿಮಿಷದಲ್ಲಿ ಮೇಲೇಳಬೇಕು ಎಂಬ ಬರಹದ ಕಟ್ಟಳೆ ಒಂದು ಬೇಡವೇ? ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ ಡ್ರೋನ್ ಹಾರಿಸಬೇಕೆಂಬುದು ಸಾಮಾನ್ಯ ನಿಯಮ, ಆಚೆಗೆ ಹೋಗಲು ವಿಶೇಷ ಅನುಮತಿ ಬೇಕು. ಕಡಲಲ್ಲಿ ಮನುಷ್ಯ ಮುಳುಗುತ್ತಿರುವಾಗ ಆ ಅನುಮತಿಗೆ ಯಾವ ಮೇಜಿನ ಮುಂದೆ ನಿಲ್ಲಬೇಕು? ಅನುಮತಿ ಮುಂಚಿತವಾಗಿಯೇ ಕೈಯಲ್ಲಿರಬೇಕು. ಮುಳುಗಿದ ಮೇಲೆ ಬಂದ ಅನುಮತಿ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಘೋಷಣೆ ಕೂಗುವುದು ನಮಗೆ ಗೊತ್ತು. ಈ ಸಲ ಕಾಗದ ಬರೆಯೋಣ. ಮಾಹಿತಿ ಹಕ್ಕಿನ ಕಾಯಿದೆಯ 6ನೆಯ ಕಲಮು ನಮ್ಮ ರಾಜ್ಯದ ಆಡಳಿತ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ, ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನ. ರಾಜ್ಯದ ಕರಾವಳಿ ಕಾವಲು ಪೊಲೀಸರಿಗೆ 9 ಠಾಣೆಗಳಿವೆ, ಮಂಗಳೂರಿನಿಂದ ಕಾರವಾರದವರೆಗೆ. ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಅವರನ್ನು ಕೇಳಿ. ಪ್ರತಿ ಠಾಣೆಯಲ್ಲಿ ಕಡಲ ಮೇಲೆ ಹುಡುಕಾಟಕ್ಕೆ ಯೋಗ್ಯವಾದ ಡ್ರೋನ್ ಎಷ್ಟಿವೆ? ಒಂದೊಂದು ಎಷ್ಟು ಹೊತ್ತು, ಎಷ್ಟು ದೂರ ಹಾರುತ್ತದೆ? ರಾತ್ರಿ ನೋಡುವ ಕ್ಯಾಮೆರಾ ಇದೆಯೇ? ಹಾರಿಸಲು ತರಬೇತಾದವರು ಎಷ್ಟು ಜನ, ಅವರಲ್ಲಿ ಮೀನುಗಾರರ ಮಕ್ಕಳು ಎಷ್ಟು? ತರಬೇತಿ ಯಾವ ಭಾಷೆಯಲ್ಲಾಯಿತು? ಕಳೆದ ಮೂರು ವರ್ಷಗಳಲ್ಲಿ ಕಾಣೆಯಾದ ದೋಣಿಗಳು ಎಷ್ಟು, ಅವುಗಳಲ್ಲಿ ಎಷ್ಟಕ್ಕೆ ಡ್ರೋನ್ ಹಾರಿತು, ದೂರು ಬಂದ ಎಷ್ಟು ಹೊತ್ತಿಗೆ? ಮೀನುಗಾರಿಕೆ ಇಲಾಖೆಗೂ ಇದೇ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಕಳಿಸಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಕನ್ನಡದಲ್ಲಿ ಕೊಡಿ ಎಂದು ಮತ್ತೊಂದು ಅರ್ಜಿ ಹಾಕಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ ದೋಣಿಗಳು ದಕ್ಕೆಯಲ್ಲಿ ಮಲಗಿರುತ್ತವೆ, ಹುಡುಗರು ಬಲೆ ಹೆಣೆಯುತ್ತಾ ಕೂತಿರುತ್ತಾರೆ. ತರಬೇತಿ ಕೊಡಬೇಕೆಂದಿದ್ದರೆ ಆ 61 ದಿನಕ್ಕಿಂತ ಒಳ್ಳೆಯ ಸಮಯ ಇಲ್ಲ. ಸರ್ಕಾರ ಕನ್ನಡದ ಪಠ್ಯ ಬರೆಸಲು ಹತ್ತು ವರ್ಷ ತೆಗೆದುಕೊಳ್ಳಬಹುದು. ನಿಮ್ಮಲ್ಲಿ ನಾಲ್ಕು ಜನ ಎಂಜಿನಿಯರುಗಳು ಕೂತರೆ ಒಂದು ತಿಂಗಳ ಕೆಲಸ. ಬರೆದು ಮುಗಿಸಿದ ಮೇಲೆ ಈ ಪತ್ರಿಕೆಗೆ ಒಂದು ಪ್ರತಿ ಕಳಿಸಿ. ಅಚ್ಚು ಹಾಕಿ, ಆಗಸ್ಟ್ 1ಕ್ಕೆ ದೋಣಿಗಳು ಹೊರಡುವ ಮೊದಲು ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರದ ದಕ್ಕೆಗಳಲ್ಲಿ ಹಂಚುವ ಕೆಲಸ ನಮಗೆ ಬಿಡಿ.